ಫೋಟೋಕ್ಲಿನೋಮೆಟ್ರಿ: ಗ್ರಹಚಿತ್ರಗಳ ಹೊಳಪಿನಿಂದ ನೆಲದ ಇಳಿಜಾರಿನ ಅಂದಾಜು

ಗ್ರಹ, ಉಪಗ್ರಹ ಅಥವಾ ಕ್ಷುದ್ರಗ್ರಹದ ಚಿತ್ರದಲ್ಲಿ ಒಂದೊಂದು ಬಿಂದುವಿನ ಹೊಳಪನ್ನು ಅಳೆದು, ಅಲ್ಲಿನ ನೆಲ ಸೂರ್ಯನ ಕಡೆಗೆ ಎಷ್ಟು ವಾಲಿದೆ ಎಂದು ಲೆಕ್ಕಹಾಕುವ ವಿಧಾನಕ್ಕೆ ಫೋಟೋಕ್ಲಿನೋಮೆಟ್ರಿ ಎಂದು ಹೆಸರು. ಬೆಳಕು, ವಾಲುವಿಕೆ, ಅಳತೆ ಎಂಬ ಅರ್ಥದ ಮೂರು ಗ್ರೀಕ್ ಪದಗಳಿಂದ ಈ ಹೆಸರು ಬಂದಿದೆ. ಕಂಪ್ಯೂಟರ್ ದೃಷ್ಟಿ ವಿಜ್ಞಾನದಲ್ಲಿ ಇದೇ ಬಗೆಯ ಲೆಕ್ಕವನ್ನು ‘ಶೇಪ್ ಫ್ರಮ್ ಶೇಡಿಂಗ್’, ಅಂದರೆ ಛಾಯೆಯಿಂದ ಆಕಾರ, ಎಂದು ಕರೆಯುತ್ತಾರೆ. ಇಳಿಜಾರುಗಳು ಸಿಕ್ಕ ಮೇಲೆ ಅವನ್ನು ಒಂದರ ಪಕ್ಕ ಒಂದು ಕೂಡಿಸುತ್ತ ಹೋದರೆ ಎತ್ತರದ ನಕ್ಷೆ ಸಿಗುತ್ತದೆ.

ಗ್ರಹಗಳ ನೆಲವನ್ನು ಅಳೆಯಲು ಬೇರೆ ವಿಧಾನಗಳೂ ಇವೆ. ಲೇಸರ್ ಮಿಡಿತ ಹೋಗಿ ಬರುವ ಹೊತ್ತಿನಿಂದ ಎತ್ತರ ತಿಳಿಯುತ್ತದೆ; ಒಂದೇ ಜಾಗವನ್ನು ಎರಡು ಕೋನಗಳಿಂದ ತೆಗೆದ ಜೋಡಿಚಿತ್ರಗಳನ್ನು ಹೊಂದಿಸಿಯೂ ಎತ್ತರ ಪಡೆಯಬಹುದು. ಆದರೆ ಲೇಸರ್ ಚುಕ್ಕಿಗಳ ನಡುವೆ ಅಳೆಯದ ನೆಲ ಉಳಿಯುತ್ತದೆ. ಜೋಡಿಚಿತ್ರಗಳಲ್ಲಿ ಒಂದು ಬಿಂದುವನ್ನು ಗುರುತಿಸಲು ಅದರ ಸುತ್ತಲಿನ ಹಲವು ಪಿಕ್ಸೆಲ್‌ಗಳು ಬೇಕಾಗುವುದರಿಂದ, ಸಿಗುವ ನಕ್ಷೆ ಚಿತ್ರದಷ್ಟು ಸೂಕ್ಷ್ಮವಾಗಿರುವುದಿಲ್ಲ. ಫೋಟೋಕ್ಲಿನೋಮೆಟ್ರಿಗೆ ಒಂದೇ ಚಿತ್ರ ಸಾಕು. ಅದು ಪ್ರತಿ ಪಿಕ್ಸೆಲ್‌ನಲ್ಲೂ ಇಳಿಜಾರು ಹೇಳಬಲ್ಲದು. ಈ ಅನುಕೂಲ ಕೆಲವು ಊಹೆಗಳ ಮೇಲೆ ನಿಂತಿದೆ. ಆ ಊಹೆಗಳು ಎಲ್ಲಿ ಹಿಡಿಯುತ್ತವೆ, ಎಲ್ಲಿ ಜಾರುತ್ತವೆ ಎಂಬ ತಿಳಿವೇ ಈ ವಿದ್ಯೆಯ ಮುಖ್ಯ ಭಾಗ.

ಮೂಲತತ್ತ್ವ

ನಡುಹಗಲಲ್ಲಿ ಸಪಾಟಾಗಿ ಕಾಣುವ ಉತ್ತ ಹೊಲದ ಸಾಲುಗಳು ಸಂಜೆಯ ಓರೆಬಿಸಿಲಿಗೆ ಒಂದೊಂದಾಗಿ ಎದ್ದು ಕಾಣುತ್ತವೆ. ಸವೆದ ಶಾಸನವನ್ನು ಓದುವವರು ಟಾರ್ಚನ್ನು ಕಲ್ಲಿನ ಎದುರಿನಿಂದ ಹಿಡಿಯದೆ ಮಗ್ಗುಲಿನಿಂದ ಹಾಯಿಸುವುದೂ ಇದೇ ಕಾರಣಕ್ಕೆ. ಬೆಳಕಿನ ಕಡೆ ಮುಖ ಮಾಡಿದ ಮೇಲ್ಮೈ ಹೆಚ್ಚು ಬೆಳಗುತ್ತದೆ, ಬೆನ್ನು ತಿರುಗಿಸಿದ್ದು ಮಂಕಾಗುತ್ತದೆ. ಬೆಳಕು ಓರೆಯಾದಷ್ಟೂ ಈ ವ್ಯತ್ಯಾಸ ಹೆಚ್ಚುತ್ತದೆ.

ಇದಕ್ಕೆ ಸರಳವಾದ ಗಣಿತ ರೂಪವನ್ನು ಯೋಹಾನ್ ಹೈನ್ರಿಕ್ ಲ್ಯಾಂಬರ್ಟ್ 1760ರಲ್ಲಿ ಪ್ರಕಟವಾದ ‘ಫೋಟೋಮೆಟ್ರಿಯಾ’ ಗ್ರಂಥದಲ್ಲಿ ಕೊಟ್ಟ. ಒರಟಾದ, ಮಿರುಗದ ಮೇಲ್ಮೈಯ ಹೊಳಪು, ಬೀಳುವ ಬೆಳಕಿಗೂ ಮೇಲ್ಮೈಯ ಲಂಬಕ್ಕೂ ನಡುವಿನ ಕೋನದ ಕೊಸೈನ್‌ಗೆ ಅನುಗುಣವಾಗಿರುತ್ತದೆ ಎಂಬುದು ಲ್ಯಾಂಬರ್ಟ್ ನಿಯಮ.

ಸೂರ್ಯ ನೆತ್ತಿಯಿಂದ 60 ಡಿಗ್ರಿ ಕೆಳಗೆ, ಅಂದರೆ ದಿಗಂತದಿಂದ 30 ಡಿಗ್ರಿ ಮೇಲೆ ಇದೆ ಎಂದುಕೊಳ್ಳೋಣ. ಸಮತಟ್ಟಾದ ನೆಲದ ಹೊಳಪು 60 ಡಿಗ್ರಿಯ ಕೊಸೈನ್, ಅಂದರೆ 0.500. ಸೂರ್ಯನ ಕಡೆಗೆ 5 ಡಿಗ್ರಿ ವಾಲಿದ ನೆಲದ ಹೊಳಪು 0.574, ಅಷ್ಟೇ ಆಚೆಗೆ ವಾಲಿದ ನೆಲದ್ದು 0.423. ಎರಡು ಕಡೆಗೂ ಸುಮಾರು ಶೇಕಡಾ 15ರಷ್ಟು ವ್ಯತ್ಯಾಸ. ಯಾವ ಒಳ್ಳೆಯ ಕ್ಯಾಮೆರಾವೂ ಇದನ್ನು ಸುಲಭವಾಗಿ ಹಿಡಿಯುತ್ತದೆ. ಸೂರ್ಯ ನೆತ್ತಿಯಿಂದ 20 ಡಿಗ್ರಿಯಷ್ಟೇ ದೂರದಲ್ಲಿದ್ದಾಗ ಅದೇ 5 ಡಿಗ್ರಿ ಇಳಿಜಾರು ಹೊಳಪನ್ನು 0.940ರಿಂದ 0.966ಕ್ಕೆ, ಅಂದರೆ ಶೇಕಡಾ 3ಕ್ಕಿಂತ ಕಡಿಮೆ ಏರಿಸುತ್ತದೆ. ಓರೆಬಿಸಿಲಿನ ಚಿತ್ರಗಳೇ ಈ ಕೆಲಸಕ್ಕೆ ಏಕೆ ಬೇಕು ಎಂಬುದಕ್ಕೆ ಈ ಅಂಕಿಗಳೇ ಉತ್ತರ. ಆದರೆ ಸೂರ್ಯ ತೀರ ಕೆಳಗಿದ್ದರೆ ಗುಡ್ಡಗಳ ನೆರಳು ಕಣಿವೆಗಳನ್ನು ಮುಚ್ಚುತ್ತದೆ. ನೆರಳು ಬಿದ್ದ ಕಡೆ ನೇರ ಬೆಳಕಿಲ್ಲ. ಬೆಳಕಿಲ್ಲದ ಕಡೆ ಇಳಿಜಾರಿನ ಸುಳಿವೂ ಇಲ್ಲ.

ಒಂದು ಅಳತೆ, ಹಲವು ಅಜ್ಞಾತಗಳು

ಒಂದು ಪಿಕ್ಸೆಲ್ ಕೊಡುವುದು ಒಂದೇ ಸಂಖ್ಯೆ. ಇಳಿಜಾರಿಗಾದರೋ ಎರಡು ಅಂಗಗಳಿವೆ: ಸೂರ್ಯನ ದಿಕ್ಕಿನಲ್ಲಿ ಎಷ್ಟು, ಅದಕ್ಕೆ ಅಡ್ಡವಾಗಿ ಎಷ್ಟು. ಇದರ ಮೇಲೆ ನೆಲದ ಸ್ವಂತ ಬಣ್ಣವೂ ಇದೆ. ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ನೆಲ ಮರಳಿಸುತ್ತದೆ ಎಂಬ ಆ ಗುಣವನ್ನು ಆಲ್ಬಿಡೊ ಎನ್ನುತ್ತಾರೆ. ಹೀಗೆ ಕನಿಷ್ಠ ಮೂರು ಅಜ್ಞಾತಗಳಿಗೆ ಒಂದೇ ಸಮೀಕರಣ ಸಿಗುತ್ತದೆ.

ಅಡ್ಡ ಇಳಿಜಾರಿನ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಮೇಲಿನ ಉದಾಹರಣೆಯಲ್ಲಿ ನೆಲ ಸೂರ್ಯನ ದಿಕ್ಕಿಗೆ ಅಡ್ಡವಾಗಿ 5 ಡಿಗ್ರಿ ವಾಲಿದರೆ ಹೊಳಪು 0.500ರಿಂದ 0.498ಕ್ಕೆ ಇಳಿಯುತ್ತದೆ ಅಷ್ಟೆ. ಶೇಕಡಾ ಅರ್ಧವೂ ಅಲ್ಲ. ಸೂರ್ಯನ ಕಡೆಗೆ ಚಾಚಿದ ಏಣು ಒಂದು ಚಿತ್ರದಲ್ಲಿ ಬಹುಮಟ್ಟಿಗೆ ಮರೆಯಾಗಿ, ಸೂರ್ಯ ಬೇರೆ ಕಡೆಯಿಂದ ಬಂದಾಗ ಸ್ಪಷ್ಟವಾಗಿ ಕಾಣುವುದು ಇದರಿಂದಲೇ.

ಮನುಷ್ಯನ ಕಣ್ಣಿಗೂ ಈ ಗೊಂದಲ ಹೊಸದಲ್ಲ. ಚಂದ್ರನ ಕುಳಿಯ ಚಿತ್ರವನ್ನು ತಲೆಕೆಳಗು ಮಾಡಿದರೆ ಅನೇಕರಿಗೆ ಅದು ದಿಬ್ಬದಂತೆ ಕಾಣುತ್ತದೆ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಮಿದುಳು ತಾನಾಗಿ ನಂಬಿಕೊಳ್ಳುತ್ತದೆ. ತಂತ್ರಾಂಶ ಹಾಗೆ ನಂಬಬೇಕಾಗಿಲ್ಲ. ಚಿತ್ರ ತೆಗೆದ ಕ್ಷಣದಲ್ಲಿ ಸೂರ್ಯ ಎಲ್ಲಿದ್ದ ಎಂಬುದು ಅದಕ್ಕೆ ನಿಖರವಾಗಿ ಗೊತ್ತಿರುತ್ತದೆ.

ಪ್ರತಿಫಲನದ ಸೂತ್ರಗಳು

ಲ್ಯಾಂಬರ್ಟ್ ನಿಯಮ ಎಲ್ಲ ನೆಲಕ್ಕೂ ಹೊಂದುವುದಿಲ್ಲ. ಅದು ಚಂದ್ರನಿಗೂ ಒಪ್ಪುವಂತಿದ್ದರೆ ಹುಣ್ಣಿಮೆಯ ಚಂದ್ರನ ನಡುಭಾಗ ಬೆಳ್ಳಗಿದ್ದು ಅಂಚು ಮಸುಕಾಗಿರಬೇಕಿತ್ತು. ನಮಗೆ ಕಾಣುವುದು ಅಂಚಿನವರೆಗೂ ಬಹುತೇಕ ಒಂದೇ ಸಮ ಬೆಳಗುವ ತಟ್ಟೆ. ಚಂದ್ರನ ಮೇಲಿನ ಸಡಿಲ ಹುಡಿ, ಬೆಳಕು ಬಂದ ಕಡೆಗೇ ಅದನ್ನು ಹೆಚ್ಚಾಗಿ ತಿರುಗಿಸಿ ಕಳಿಸುವುದು ಇದಕ್ಕೆ ಕಾರಣ. ಇಂಥ ಕಡುಗಪ್ಪು ಹುಡಿನೆಲಕ್ಕೆ ಲೊಮ್ಮೆಲ್ ಮತ್ತು ಝೀಲಿಗರ್ ಎಂಬ ಜರ್ಮನ್ ವಿಜ್ಞಾನಿಗಳ ಹೆಸರಿನ ಸೂತ್ರ ಹೆಚ್ಚು ಒಪ್ಪುತ್ತದೆ. ಡಚ್ ಖಗೋಳಜ್ಞ ಮಾರ್ಸೆಲ್ ಮಿನ್ನಾರ್ಟ್ 1941ರಲ್ಲಿ ಇನ್ನೊಂದು ಸೂತ್ರ ಕೊಟ್ಟ. ಆಲ್ಫ್ರೆಡ್ ಮೆಕ್‌ಯೂವನ್ 1991ರ ಲೇಖನದಲ್ಲಿ ಫೋಟೋಕ್ಲಿನೋಮೆಟ್ರಿಗೆ ತಕ್ಕ ಸೂತ್ರಗಳನ್ನು ಪರಿಶೀಲಿಸಿದ. ಲ್ಯಾಂಬರ್ಟ್ ಮತ್ತು ಲೊಮ್ಮೆಲ್–ಝೀಲಿಗರ್ ಸೂತ್ರಗಳನ್ನು ತಕ್ಕ ಪ್ರಮಾಣದಲ್ಲಿ ಬೆರೆಸಿದ ‘ಲೂನಾರ್–ಲ್ಯಾಂಬರ್ಟ್’ ಸೂತ್ರ ಈಗ ವ್ಯಾಪಕ ಬಳಕೆಯಲ್ಲಿದೆ. ಸೂರ್ಯ, ನೆಲ, ಕ್ಯಾಮೆರಾ ಮೂರರ ನಡುವಿನ ಕೋನ ಬದಲಾದಂತೆ ಬೆರಕೆಯ ಪ್ರಮಾಣವೂ ಬದಲಾಗುತ್ತದೆ. ಹುಡಿಯ ಕಣಗಳ ಗುಣ, ಅವುಗಳ ನಡುವಿನ ನೆರಳು, ನೆಲದ ಒರಟುತನ ಇವನ್ನೆಲ್ಲ ಒಳಗೊಂಡ ವಿಸ್ತಾರವಾದ ಸೂತ್ರವನ್ನು ಬ್ರೂಸ್ ಹ್ಯಾಪ್ಕೆ 1981ರಿಂದ ಬೆಳೆಸಿದ. ಅದರಲ್ಲಿ ತುಂಬಬೇಕಾದ ಸ್ಥಿರಾಂಕಗಳು ಹಲವು. ಅವು ಗೊತ್ತಿಲ್ಲದ ಕಡೆ ಸರಳ ಸೂತ್ರವೇ ವಾಸಿ.

ಇತಿಹಾಸ

ಬೆಳಕು ನೆರಳುಗಳಿಂದ ಚಂದ್ರನ ಎತ್ತರ ಅಳೆಯುವ ಯತ್ನ ದೂರದರ್ಶಕದಷ್ಟೇ ಹಳೆಯದು. ಚಂದ್ರನ ಹಗಲಿರುಳಿನ ಗಡಿಯಾಚೆ, ಕತ್ತಲ ಭಾಗದಲ್ಲಿ ಒಂಟಿಯಾಗಿ ಹೊಳೆಯುವ ಚುಕ್ಕಿಗಳು ಬಿಸಿಲು ತಾಕಿದ ಬೆಟ್ಟದ ತುದಿಗಳು ಎಂದು ಗೆಲಿಲಿಯೊ ಗುರುತಿಸಿದ. ಗಡಿಯಿಂದ ಅವುಗಳ ದೂರ ಹಿಡಿದು ಎತ್ತರ ಲೆಕ್ಕಹಾಕಿ 1610ರ ‘ಸಿಡೇರಿಯಸ್ ನನ್ಸಿಯಸ್’ನಲ್ಲಿ ಪ್ರಕಟಿಸಿದ. ಮುಂದೆ ಚಂದ್ರನ ನಕ್ಷೆ ಬರೆದವರು ನೆರಳಿನ ಉದ್ದದಿಂದ ಎತ್ತರ ಕಂಡುಹಿಡಿದರು. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದಾಗ 100 ಮೀಟರ್ ಉದ್ದದ ನೆರಳು ಬಿದ್ದರೆ ಎತ್ತರ ಸುಮಾರು 17.6 ಮೀಟರ್. ಈ ಲೆಕ್ಕ ಭದ್ರವಾದದ್ದು. ಆದರೆ ನೆರಳು ಬೀಳದಷ್ಟು ಮೆಲ್ಲನೆಯ ಏರಿಳಿತಗಳಿಗೆ ಅದು ಒದಗುವುದಿಲ್ಲ.

ಆ ಮೆಲ್ಲನೆಯ ಏರಿಳಿತಗಳನ್ನೇ ಹಿಡಿಯಲು ಹೊರಟವನು ಹಾಲೆಂಡಿನ ಉಟ್ರೆಕ್ಟ್‌ನ ವಾನ್ ಡಿಗ್ಗೆಲೆನ್. ಚಂದ್ರನ ‘ಸಮುದ್ರ’ಗಳೆಂಬ ಕಪ್ಪು ಬಯಲುಗಳ ಮೇಲೆ ಹಬ್ಬಿದ ತಗ್ಗು ದಿಣ್ಣೆಸಾಲುಗಳ ಹೊಳಪನ್ನು ಛಾಯಾಚಿತ್ರಗಳಲ್ಲಿ ಅಳೆದು, ಅವುಗಳ ಇಳಿಜಾರು ಮತ್ತು ಎತ್ತರವನ್ನು 1951ರಲ್ಲಿ ಪ್ರಕಟಿಸಿದ. ಫೋಟೋಕ್ಲಿನೋಮೆಟ್ರಿಯ ಇತಿಹಾಸ ಸಾಮಾನ್ಯವಾಗಿ ಈ ಕೆಲಸದಿಂದ ಆರಂಭವಾಗುತ್ತದೆ.

ಮನುಷ್ಯರನ್ನು ಚಂದ್ರನ ಮೇಲೆ ಇಳಿಸುವ ತಯಾರಿ ನಡೆದ 1960ರ ದಶಕದಲ್ಲಿ ಇಳಿಜಾರಿನ ಪ್ರಶ್ನೆ ಜೀವದ ಪ್ರಶ್ನೆಯಾಯಿತು. 1964 ಮತ್ತು 1965ರಲ್ಲಿ ರೇಂಜರ್ 7, 8, 9 ನೌಕೆಗಳು ಚಂದ್ರನಿಗೆ ಅಪ್ಪಳಿಸುವ ಮುನ್ನ ಕಳಿಸಿದ ಚಿತ್ರಗಳು ಹಿಂದೆಂದೂ ಕಾಣದಷ್ಟು ಸೂಕ್ಷ್ಮವಾಗಿದ್ದವು. ಕ್ಯಾಲಿಫೋರ್ನಿಯಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಥಾಮಸ್ ರಿಂಡ್‌ಫ್ಲೈಷ್, ಒಂದೇ ಚಿತ್ರದ ಹೊಳಪಿನಿಂದ ಚಂದ್ರನ ನೆಲದ ಏರಿಳಿತ ಪಡೆಯುವ ಗಣಿತವನ್ನು 1966ರಲ್ಲಿ ಪ್ರಕಟಿಸಿದ. ಚಂದ್ರನ ಪ್ರತಿಫಲನ ಗುಣ ಇಲ್ಲಿ ಅನುಕೂಲವಾಯಿತು. ಅಲ್ಲಿ ಹೊಳಪು ಬಹುಮಟ್ಟಿಗೆ ಒಂದೇ ದಿಕ್ಕಿನ ಇಳಿಜಾರನ್ನು ಅವಲಂಬಿಸುವುದರಿಂದ, ಆ ದಿಕ್ಕಿನ ಗೆರೆಗಳ ಉದ್ದಕ್ಕೂ ಇಳಿಜಾರನ್ನು ಕೂಡಿಸುತ್ತ ಹೋಗಬಹುದು.

1970ರಲ್ಲಿ ಎಂಐಟಿಯ ಬರ್ಥೋಲ್ಡ್ ಹಾರ್ನ್ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನು ಯಾವುದೇ ನುಣುಪು ವಸ್ತುವಿಗೂ ಅನ್ವಯಿಸುವ ಸಾಮಾನ್ಯ ಸಮಸ್ಯೆಯಾಗಿ ರೂಪಿಸಿದ. ‘ಶೇಪ್ ಫ್ರಮ್ ಶೇಡಿಂಗ್’ ಎಂಬ ಮಾತು ಅಲ್ಲಿಂದ ನೆಲೆಗೊಂಡಿತು. ಗ್ರಹವಿಜ್ಞಾನದ ಕಡೆ ರಾಬರ್ಟ್ ವೈಲ್ಡಿ 1975ರಲ್ಲಿ ಮ್ಯಾರಿನರ್ 9ರ ಮಂಗಳ ಚಿತ್ರಗಳಿಗಾಗಿ ವಿಧಾನವನ್ನು ವಿಸ್ತರಿಸಿದ. ಡೇವಿಸ್ ಮತ್ತು ಸೋಡರ್‌ಬ್ಲಾಮ್ 1984ರಲ್ಲಿ ವೈಕಿಂಗ್ ಚಿತ್ರಗಳಿಂದ ಕುಳಿಗಳ ಆಕಾರ, ಆಲ್ಬಿಡೊ ಎರಡನ್ನೂ ಪಡೆಯುವ ದಾರಿ ತೋರಿಸಿದರು. ರ‍್ಯಾಂಡಾಲ್ಫ್ ಕರ್ಕ್ 1987ರ ತನ್ನ ಕ್ಯಾಲ್‌ಟೆಕ್ ಪ್ರಬಂಧದಲ್ಲಿ ಇಡೀ ಚಿತ್ರದ ಎತ್ತರಗಳನ್ನು ಒಟ್ಟಿಗೇ ಬಿಡಿಸುವ ವೇಗದ ಕ್ರಮವಿಧಿ ಕೊಟ್ಟ. ಗೆರೆಗೆರೆಯಾಗಿ ನಡೆಯುತ್ತಿದ್ದ ಲೆಕ್ಕ ಇದರಿಂದ ಇಡೀ ಹರವಿನ ಲೆಕ್ಕವಾಯಿತು.

ಲೆಕ್ಕದ ಬಗೆಗಳು

ಬಿಂದು ವಿಧಾನ: ಪ್ರತಿ ಪಿಕ್ಸೆಲ್‌ನ ಹೊಳಪಿನಿಂದ ಸೂರ್ಯನ ದಿಕ್ಕಿನ ಇಳಿಜಾರನ್ನಷ್ಟೇ ಬಿಡಿಬಿಡಿಯಾಗಿ ಲೆಕ್ಕಹಾಕುವುದು. ಎತ್ತರದ ನಕ್ಷೆ ಇದರ ಗುರಿಯಲ್ಲ. ಈ ಬಯಲಿನಲ್ಲಿ 15 ಡಿಗ್ರಿಗಿಂತ ಕಡಿದಾದ ನೆಲ ಎಷ್ಟು ಪಾಲು ಎಂಬಂಥ ಪ್ರಶ್ನೆಗೆ ಇದು ತಕ್ಕ ಉತ್ತರ ಕೊಡುತ್ತದೆ.

ಪಾರ್ಶ್ವರೇಖೆ ವಿಧಾನ: ಸೂರ್ಯನ ದಿಕ್ಕಿನ ಒಂದು ಗೆರೆಯ ಉದ್ದಕ್ಕೂ ಇಳಿಜಾರುಗಳನ್ನು ಕೂಡಿಸಿ ನೆಲದ ಸೀಳುನೋಟ ಪಡೆಯುವುದು. ಕುಳಿಯ ಆಳ, ದಿಣ್ಣೆಯ ಎತ್ತರ ಅಳೆಯಲು ಇದು ಸಾಕು. ಅಕ್ಕಪಕ್ಕದ ಗೆರೆಗಳಿಗೆ ಪರಸ್ಪರ ಸಂಬಂಧವಿಲ್ಲದ ಕಾರಣ, ಹಲವು ಗೆರೆಗಳನ್ನು ಜೋಡಿಸಿ ನಕ್ಷೆ ಮಾಡಹೊರಟರೆ ಪಟ್ಟೆಪಟ್ಟೆಯಾದ ಸುಳ್ಳು ಏರಿಳಿತ ಮೂಡುತ್ತದೆ.

ಹರವಿನ ವಿಧಾನ: ಇಡೀ ಚಿತ್ರದ ಎತ್ತರಗಳನ್ನು ಅಜ್ಞಾತಗಳೆಂದಿಟ್ಟು, ಅವುಗಳಿಂದ ಕೃತಕ ಚಿತ್ರ ರಚಿಸಿ, ಅದು ನಿಜವಾದ ಚಿತ್ರಕ್ಕೆ ಹತ್ತಿರವಾಗುವವರೆಗೆ ಎತ್ತರಗಳನ್ನು ತಿದ್ದುತ್ತ ಹೋಗುವುದು. ನೆಲ ವಿನಾಕಾರಣ ಜಿಗಿಯಬಾರದು ಎಂಬ ನಯದ ಷರತ್ತನ್ನೂ ಸೇರಿಸುತ್ತಾರೆ. ಒಂದು ಪಿಕ್ಸೆಲ್‌ನಲ್ಲಿ ಸಾಲದಿರುವ ಮಾಹಿತಿಯನ್ನು ನೆರೆಹೊರೆ ತುಂಬಿಕೊಡುತ್ತದೆ.

ಬಹುಚಿತ್ರ ವಿಧಾನ: ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಕಡೆಯ ಬಿಸಿಲಿನಲ್ಲಿ ತೆಗೆದ ಚಿತ್ರಗಳನ್ನು ಒಟ್ಟಿಗೆ ಬಳಸುವುದು. ತಕ್ಕ ವೈವಿಧ್ಯವಿರುವ ಮೂರು ಚಿತ್ರಗಳಿದ್ದರೆ ಎರಡು ದಿಕ್ಕಿನ ಇಳಿಜಾರು, ಆಲ್ಬಿಡೊ ಮೂರನ್ನೂ ಬೇರ್ಪಡಿಸಬಹುದು. ನೆಲ ವಾಲಿದ್ದರೆ ಬಿಸಿಲಿನ ದಿಕ್ಕು ಬದಲಾದಂತೆ ಅದರ ಹೊಳಪು ಏರುಪೇರಾಗುತ್ತದೆ. ನೆಲವೇ ಕಪ್ಪಾಗಿದ್ದರೆ ಯಾವ ಬಿಸಿಲಿನಲ್ಲೂ ಕಪ್ಪಾಗಿಯೇ ಉಳಿಯುತ್ತದೆ.

ತಂತ್ರಾಂಶ ಮತ್ತು ಕೆಲಸದ ಹಾದಿ

ಗ್ರಹಚಿತ್ರ ಸಂಸ್ಕರಣೆಯಲ್ಲಿ ಹೆಚ್ಚು ಬಳಕೆಯಾಗುವ ಮುಕ್ತ ತಂತ್ರಾಂಶಗಳಲ್ಲಿ ಎರಡನ್ನು ಇಲ್ಲಿ ಹೇಳಬೇಕು. ಒಂದು, ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿರುವ ಅಮೆರಿಕ ಭೂವೈಜ್ಞಾನಿಕ ಸರ್ವೇಕ್ಷಣೆಯ ಖಗೋಳ-ಭೂವಿಜ್ಞಾನ ಕೇಂದ್ರದ ‘ಐಸಿಸ್’. ಇನ್ನೊಂದು, ನಾಸಾದ ಏಮ್ಸ್ ಸಂಶೋಧನಾ ಕೇಂದ್ರದ ‘ಏಮ್ಸ್ ಸ್ಟೀರಿಯೊ ಪೈಪ್‌ಲೈನ್’. ಎರಡನೆಯದರಲ್ಲಿ ‘ಎಸ್‌ಎಫ್‌ಎಸ್’ ಎಂಬ ಉಪಕರಣ ಛಾಯೆಯಿಂದ ಆಕಾರ ಪಡೆಯುವುದಕ್ಕೇ ಮೀಸಲು. ಸಣ್ಣ ಕಾಯಗಳಿಗಾಗಿ ರಾಬರ್ಟ್ ಗ್ಯಾಸ್ಕೆಲ್ ಬೆಳೆಸಿದ ‘ಸ್ಟೀರಿಯೊಫೋಟೋಕ್ಲಿನೋಮೆಟ್ರಿ’ ತಂತ್ರಾಂಶ ಹಲವು ಯಾನಗಳಲ್ಲಿ ಬಳಕೆಯಾಗಿದೆ.

ಕೆಲಸ ಶುರುವಾಗುವುದು ಕಚ್ಚಾ ಚಿತ್ರದಿಂದ. ಬೆಳಕಿಲ್ಲದಾಗಲೂ ಕ್ಯಾಮೆರಾದಲ್ಲಿ ಮೂಡುವ ಹುಸಿ ಸಂಕೇತ (ಸದ್ದು), ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಇರುವ ಸೂಕ್ಷ್ಮತೆಯ ವ್ಯತ್ಯಾಸ, ಮಸೂರದ ದೋಷಗಳನ್ನು ತೆಗೆದುಹಾಕಿ, ಪ್ರತಿ ಪಿಕ್ಸೆಲ್‌ನ ಸಂಖ್ಯೆಯನ್ನು ನಿಜವಾದ ಪ್ರತಿಫಲನದ ಅಳತೆಗೆ ತರುತ್ತಾರೆ. ನೋಡಲು ಚೆಂದವಾಗಲೆಂದು ಕಪ್ಪುಬಿಳುಪಿನ ಅಂತರ ಹಿಗ್ಗಿಸಿದ ಚಿತ್ರ ಈ ಕೆಲಸಕ್ಕೆ ಬಾರದು. ಅದರಲ್ಲಿ ಹೊಳಪಿಗೂ ಇಳಿಜಾರಿಗೂ ಇದ್ದ ಸಂಬಂಧ ಕಡಿದುಹೋಗಿರುತ್ತದೆ.

ಅನಂತರ ಚಿತ್ರ ತೆಗೆದ ಕ್ಷಣ, ನೌಕೆಯ ಸ್ಥಾನ, ಕ್ಯಾಮೆರಾ ನೋಡುತ್ತಿದ್ದ ದಿಕ್ಕು, ಸೂರ್ಯನ ಸ್ಥಾನ ಇವನ್ನು ನಾಸಾದ ‘ಸ್ಪೈಸ್’ ದತ್ತಾಂಶದಿಂದ ಪಡೆದು ಚಿತ್ರಕ್ಕೆ ಲಗತ್ತಿಸುತ್ತಾರೆ. ಇದರಿಂದ ಪ್ರತಿ ಪಿಕ್ಸೆಲ್‌ಗೂ ಬೆಳಕು ಬಿದ್ದ ಕೋನ, ನೋಟದ ಕೋನ ಸಿಗುತ್ತವೆ. ಮುಂದಿನ ಹಂತ ಆರಂಭಿಕ ನಕ್ಷೆಯ ಆಯ್ಕೆ. ಬರಿಯ ಸಮತಟ್ಟಾದ ನೆಲದಿಂದ ಹೊರಡುವುದಕ್ಕಿಂತ ಲೇಸರ್ ಅಥವಾ ಜೋಡಿಚಿತ್ರಗಳ ಒರಟು ನಕ್ಷೆಯಿಂದ ಹೊರಡುವುದು ಕ್ಷೇಮ. ದೊಡ್ಡ ಏರಿಳಿತವನ್ನು ಆ ನಕ್ಷೆ ಹೇಳುತ್ತದೆ, ಸಣ್ಣ ವಿವರವನ್ನು ಛಾಯೆ ತುಂಬುತ್ತದೆ. ನಕ್ಷೆಗೂ ಚಿತ್ರಕ್ಕೂ ಕೆಲವೇ ಪಿಕ್ಸೆಲ್ ಹೊಂದಾಣಿಕೆ ತಪ್ಪಿದರೂ ಫಲಿತಾಂಶ ಕೆಡುವುದರಿಂದ ಮೊದಲು ಎರಡನ್ನೂ ನಿಖರವಾಗಿ ಕೂರಿಸಬೇಕು.

ಕೊನೆಗೆ ಪ್ರತಿಫಲನ ಸೂತ್ರ ಆರಿಸಿ ಲೆಕ್ಕ ಓಡಿಸುತ್ತಾರೆ. ಚಿತ್ರಕ್ಕೂ ಕೃತಕ ಚಿತ್ರಕ್ಕೂ ಇರುವ ಅಂತರ, ನೆಲದ ನಯ, ಆರಂಭಿಕ ನಕ್ಷೆಯಿಂದ ಆಗುವ ವಿಚಲನೆ, ಈ ಮೂರರ ನಡುವೆ ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂದು ತೀರ್ಮಾನಿಸುವುದು ಬಳಸುವವರ ಹೊಣೆ. ನಯಕ್ಕೆ ತೂಕ ಹೆಚ್ಚಾದರೆ ಸಣ್ಣ ಕುಳಿಗಳು ಸವೆದುಹೋಗುತ್ತವೆ. ಕಡಿಮೆಯಾದರೆ ಕ್ಯಾಮೆರಾದ ಸದ್ದೆಲ್ಲ ದಿಬ್ಬಗಳಾಗಿ ಮೂಡುತ್ತದೆ.

ತಪ್ಪಿನ ಮೂಲಗಳು

ಎಲ್ಲಕ್ಕಿಂತ ದೊಡ್ಡದು ಆಲ್ಬಿಡೊ. ಸಮತಟ್ಟಾದ ಬಯಲಿನಲ್ಲಿ ಶೇಕಡಾ 5ರಷ್ಟು ಕಪ್ಪಗಿರುವ ಒಂದು ತೇಪೆಯನ್ನು ಊಹಿಸಿಕೊಳ್ಳಿ. ಸೂರ್ಯ ನೆತ್ತಿಯಿಂದ 60 ಡಿಗ್ರಿ ಕೆಳಗಿದ್ದರೆ ಲ್ಯಾಂಬರ್ಟ್ ಲೆಕ್ಕ ಅದನ್ನು ಸುಮಾರು 1.6 ಡಿಗ್ರಿಯ ಇಳಿಜಾರೆಂದು ಓದುತ್ತದೆ. ತೇಪೆ 100 ಮೀಟರ್ ಅಗಲವಿದ್ದರೆ ಅಲ್ಲಿ ಇಲ್ಲದ 3 ಮೀಟರ್ ತಗ್ಗು ಹುಟ್ಟಿಕೊಳ್ಳುತ್ತದೆ. ಸೂರ್ಯ ನೆತ್ತಿಯಿಂದ 20 ಡಿಗ್ರಿಯಷ್ಟೇ ದೂರವಿದ್ದರೆ ಅದೇ ತೇಪೆ ಸುಮಾರು 7 ಡಿಗ್ರಿಯ ಸುಳ್ಳು ಇಳಿಜಾರಾಗುತ್ತದೆ. ಹಾಗಾಗಿ ಒಂದೇ ಬಗೆಯ ಹುಡಿ ಮುಸುಕಿದ ನೆಲವನ್ನು ಆರಿಸುವುದು, ನೆತ್ತಿಬಿಸಿಲಿನಲ್ಲಿ ತೆಗೆದ ಇನ್ನೊಂದು ಚಿತ್ರದಿಂದ ಬಣ್ಣದ ವ್ಯತ್ಯಾಸ ತಿಳಿದು ಭಾಗಿಸುವುದು, ಇಲ್ಲವೆ ಬಹುಚಿತ್ರ ವಿಧಾನಕ್ಕೆ ಹೋಗುವುದು ರೂಢಿ.

ವಾತಾವರಣವಿರುವ ಮಂಗಳದಂಥ ಗ್ರಹದಲ್ಲಿ ತೇಲುವ ಧೂಳು ಚಿತ್ರದ ಮೇಲೆಲ್ಲ ಮಬ್ಬು ಬೆಳಕು ಹರಡುತ್ತದೆ. ಹಿಂದಿನ ಉದಾಹರಣೆಯ 0.500 ಮತ್ತು 0.574ಕ್ಕೆ 0.100ರಷ್ಟು ಮಬ್ಬು ಸೇರಿದರೆ 0.600 ಮತ್ತು 0.674 ಆಗುತ್ತವೆ. ಶೇಕಡಾ 15ರ ವ್ಯತ್ಯಾಸ ಶೇಕಡಾ 12ಕ್ಕೆ ಇಳಿದು, 5 ಡಿಗ್ರಿಯ ಇಳಿಜಾರನ್ನು ತಂತ್ರಾಂಶ 4 ಡಿಗ್ರಿಗೆ ಸ್ವಲ್ಪ ಹೆಚ್ಚು ಎಂದು ಓದುತ್ತದೆ. ನೌಕೆ ಇಳಿಸುವವರ ಪಾಲಿಗೆ ಇದು ಅಪಾಯದ ಕಡೆಗಿನ ತಪ್ಪು. ನೆಲ ಇರುವುದಕ್ಕಿಂತ ಸೌಮ್ಯವಾಗಿ ತೋರುತ್ತದೆ. ಕಡುನೆರಳಿನಲ್ಲೂ ಉಳಿದಿರುವ ಹೊಳಪನ್ನು ಮಬ್ಬಿನ ಅಂದಾಜಾಗಿ ಕಳೆಯುವುದು ಒಂದು ಪರಿಹಾರ. ಜೋಡಿಚಿತ್ರದ ನಕ್ಷೆ ಇರುವ ಕಡೆ ಎರಡೂ ವಿಧಾನಗಳ ಇಳಿಜಾರು ಹೊಂದುವವರೆಗೆ ಮಬ್ಬಿನ ಅಂಕಿಯನ್ನು ತಿದ್ದುವುದು ಇನ್ನೊಂದು.

ಮೂರನೆಯದು ಕೂಡಿಕೆಯ ತಪ್ಪು. ಇಳಿಜಾರಿನಲ್ಲಿ ಒಂದೇ ಡಿಗ್ರಿಯ ನಿರಂತರ ತಪ್ಪು ಇದ್ದರೂ 1 ಕಿಲೋಮೀಟರ್ ಸಾಗುವಷ್ಟರಲ್ಲಿ ಎತ್ತರ ಸುಮಾರು 17.5 ಮೀಟರ್ ತಪ್ಪುತ್ತದೆ. ಆದ್ದರಿಂದ ಈ ವಿಧಾನ ಹತ್ತಿರದ ಸಣ್ಣ ಏರಿಳಿತಗಳಲ್ಲಿ ಗಟ್ಟಿ, ದೂರದ ಎತ್ತರ ವ್ಯತ್ಯಾಸದಲ್ಲಿ ದುರ್ಬಲ. ಕ್ಯಾಮೆರಾದ ಮಸುಕು, ಎದುರುಗುಡ್ಡದಿಂದ ಚಿಮ್ಮಿ ಬರುವ ಎರವಲು ಬೆಳಕು, ಚಿತ್ರ ಕುಗ್ಗಿಸಿ ಕಳಿಸುವಾಗ ಕಳೆದುಹೋಗುವ ವಿವರ ಇವೂ ತಮ್ಮ ಪಾಲಿನ ತಪ್ಪು ಸೇರಿಸುತ್ತವೆ.

ತಾಳೆ ನೋಡುವ ಬಗೆ

ಫಲಿತಾಂಶವನ್ನು ಅದೇ ಚಿತ್ರದೊಂದಿಗೆ ಹೋಲಿಸುವುದು ಪರೀಕ್ಷೆಯಲ್ಲ. ಲೆಕ್ಕ ನಡೆದದ್ದೇ ಆ ಚಿತ್ರಕ್ಕೆ ಹೊಂದುವಂತೆ. ತಪ್ಪು ನಕ್ಷೆಯೂ ಅದನ್ನು ಚೆನ್ನಾಗಿಯೇ ಹೋಲುತ್ತದೆ. ಬೇರೆ ಸಾಕ್ಷಿ ಬೇಕು. ಲೆಕ್ಕದಲ್ಲಿ ಬಳಸದ, ಬೇರೆ ಬಿಸಿಲಿನ ಚಿತ್ರವನ್ನು ನಕ್ಷೆಯಿಂದ ಕೃತಕವಾಗಿ ರಚಿಸಿ ಹೋಲಿಸುವುದು ಒಂದು ಪರೀಕ್ಷೆ. ಲೇಸರ್ ಚುಕ್ಕಿಗಳ ಎತ್ತರದೊಂದಿಗೆ ತಾಳೆ ಹಾಕುವುದು ಇನ್ನೊಂದು. ಕುಳಿಯ ಅಂಚಿನ ನೆರಳಿನ ಉದ್ದದಿಂದ ಬಂದ ಆಳವನ್ನು ನಕ್ಷೆಯ ಆಳದೊಂದಿಗೆ ನೋಡುವುದು ಹಳೆಯದಾದರೂ ನಂಬಿಕಸ್ತ ಪರೀಕ್ಷೆ.

ಬಳಕೆಗಳು

ಮಂಗಳದ ಇಳಿದಾಣಗಳು: 2004ರ ಜನವರಿಯಲ್ಲಿ ಮಂಗಳದ ಮೇಲೆ ಇಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳು ಗಾಳಿಚೀಲಗಳ ಮೇಲೆ ಪುಟಿದು ನಿಲ್ಲಬೇಕಿತ್ತು. ಕೆಲವೇ ಮೀಟರ್ ಅಳತೆಯ ಇಳಿಜಾರು ಆ ಪುಟಿತವನ್ನು ಕೆಡಿಸಬಲ್ಲದು. ಮಂಗಳದ ಲೇಸರ್ ಮಾಪಕ ‘ಮೋಲಾ’ದ ಚುಕ್ಕಿಗಳು ಪಥದ ಉದ್ದಕ್ಕೂ ಸುಮಾರು 300 ಮೀಟರ್ ಅಂತರದಲ್ಲಿದ್ದವು, ಅವುಗಳ ನಡುವಿನ ಹಳ್ಳದಿಣ್ಣೆ ಅದಕ್ಕೆ ಕಾಣದು. ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆಯ ಕ್ಯಾಮೆರಾ ಸುಮಾರು ಒಂದೂವರೆ ಮೀಟರ್‌ನ ವಿವರ ಕೊಡಬಲ್ಲದ್ದಾಗಿತ್ತು. ರಾಸ್ ಬೇಯರ್, ಮೆಕ್‌ಯೂವನ್ ಮತ್ತು ಕರ್ಕ್ ಆ ಚಿತ್ರಗಳ ಮೇಲೆ ಬಿಂದು ವಿಧಾನ ಬಳಸಿ ಅಭ್ಯರ್ಥಿ ತಾಣಗಳ ಮೀಟರ್ ಮಟ್ಟದ ಇಳಿಜಾರನ್ನು 2003ರಲ್ಲಿ ಪ್ರಕಟಿಸಿದರು. ಕೊನೆಗೆ ಆಯ್ಕೆಯಾದದ್ದು ಗುಸೆವ್ ಕುಳಿ ಮತ್ತು ಮೆರಿಡಿಯಾನಿ ಬಯಲು. ಎರಡೂ ಕಡೆ ರೋವರ್‌ಗಳು ಕ್ಷೇಮವಾಗಿ ಇಳಿದವು.

ಕ್ಷುದ್ರಗ್ರಹ ಮತ್ತು ಧೂಮಕೇತುಗಳು: ಗ್ಯಾಸ್ಕೆಲ್‌ನ ವಿಧಾನದಲ್ಲಿ ಕಾಯದ ಮೇಲ್ಮೈಯನ್ನು ಸಾವಿರಾರು ಸಣ್ಣ ತುಣುಕುನಕ್ಷೆಗಳಾಗಿ ಹಂಚುತ್ತಾರೆ. ಪ್ರತಿ ತುಣುಕಿನ ಇಳಿಜಾರು, ಆಲ್ಬಿಡೊಗಳನ್ನು ಹಲವು ಚಿತ್ರಗಳಿಂದ ಪಡೆಯುತ್ತಾರೆ. ತುಣುಕುಗಳ ನಡುಬಿಂದುಗಳ ಸ್ಥಾನವನ್ನು ಜೋಡಿನೋಟದಿಂದ ಭದ್ರಪಡಿಸುತ್ತಾರೆ. ಛಾಯೆ ವಿವರ ಕೊಡುತ್ತದೆ, ಜೋಡಿನೋಟ ಚೌಕಟ್ಟು ಕೊಡುತ್ತದೆ. ಇರೋಸ್, ಇಟೊಕಾವಾ, ವೆಸ್ಟಾ, 67ಪಿ ಧೂಮಕೇತು, ಬೆನ್ನು ಇವುಗಳ ಆಕಾರ ಹೀಗೆ ಸಿದ್ಧವಾಯಿತು. ಒಸಿರಿಸ್-ರೆಕ್ಸ್ ನೌಕೆ 2020ರ ಅಕ್ಟೋಬರ್ 20ರಂದು ಬಂಡೆಗಳಿಂದ ತುಂಬಿದ ಬೆನ್ನುವಿನ ಮೇಲೆ ಇಳಿಯುವಾಗ, ತಾನು ತೆಗೆದ ಚಿತ್ರಗಳನ್ನು ಮೊದಲೇ ತುಂಬಿದ್ದ ಇಂಥ ನೆಲದ ಮಾದರಿಗಳೊಂದಿಗೆ ಹೋಲಿಸುತ್ತ ದಾರಿ ಕಂಡುಕೊಂಡಿತು. ಅದು ತಂದ ಮಾದರಿ 2023ರ ಸೆಪ್ಟೆಂಬರ್ 24ರಂದು ಭೂಮಿ ತಲುಪಿತು.

ಹಿಮದ ಉಪಗ್ರಹಗಳು: ಗುರು, ಶನಿಗಳ ಉಪಗ್ರಹಗಳ ಬಳಿ ನೌಕೆಗಳು ಹಾದುಹೋಗುವುದು ಅಪರೂಪ, ಅನೇಕ ಜಾಗಗಳಿಗೆ ಒಂದೇ ಒಳ್ಳೆಯ ಚಿತ್ರವಿರುತ್ತದೆ. ಅಂಥ ಕಡೆ ಹೊಳಪಿನ ಲೆಕ್ಕದ ಬೆಲೆ ಹೆಚ್ಚು. ಹ್ಯೂಸ್ಟನ್‌ನ ಲೂನಾರ್ ಆ್ಯಂಡ್ ಪ್ಲಾನೆಟರಿ ಇನ್‌ಸ್ಟಿಟ್ಯೂಟ್‌ನ ಪಾಲ್ ಶೆಂಕ್ ಜೋಡಿಚಿತ್ರ ಮತ್ತು ಛಾಯೆ ಎರಡನ್ನೂ ಕೂಡಿಸಿ ಇಂಥ ಲೋಕಗಳ ನೆಲವನ್ನು ಅಳೆದಿದ್ದಾನೆ.

ಚಂದ್ರನ ಧ್ರುವಗಳು: ದಕ್ಷಿಣ ಧ್ರುವದ ಬಳಿ ಸೂರ್ಯ ಎಂದೂ ದಿಗಂತದಿಂದ ಹೆಚ್ಚು ಮೇಲೇರುವುದಿಲ್ಲ, ಸುತ್ತಲೂ ಅಂಚಿನಲ್ಲೇ ತಿರುಗುತ್ತಾನೆ. ಹೀಗಾಗಿ ಲೂನಾರ್ ರಿಕಾನೆಸೆನ್ಸ್ ಆರ್ಬಿಟರ್ 2009ರಿಂದ ಕಳಿಸುತ್ತಿರುವ ಚಿತ್ರಗಳಲ್ಲಿ ಒಂದೇ ಜಾಗ ಎಲ್ಲ ದಿಕ್ಕಿನ ಓರೆಬಿಸಿಲಿನಲ್ಲೂ ಸಿಗುತ್ತದೆ. ಅದೇ ನೌಕೆಯ ಲೇಸರ್ ಮಾಪಕ ಚೌಕಟ್ಟನ್ನು ಒದಗಿಸುತ್ತದೆ. ಒಲೆಗ್ ಅಲೆಕ್ಸಾಂಡ್ರೊವ್ ಮತ್ತು ಬೇಯರ್ 2018ರಲ್ಲಿ ಪ್ರಕಟಿಸಿದ ಬಹುಚಿತ್ರ ವಿಧಾನ ಈ ಸನ್ನಿವೇಶಕ್ಕೆ ಹೇಳಿ ಮಾಡಿಸಿದಂತಿದೆ. ನಾಸಾದ ವೈಪರ್ ರೋವರ್‌ನ ಹಾದಿಗಾಗಿ ಮೀಟರ್ ಮಟ್ಟದ ನಕ್ಷೆಗಳು ಹೀಗೆ ತಯಾರಾದವು.

ಭಾರತದ ಚಂದ್ರಯಾನಗಳು

ಇಂಥ ಲೆಕ್ಕಕ್ಕೆ ಬೇಕಾಗುವ ಚಿತ್ರ, ಎತ್ತರದ ಅಳತೆಗಳನ್ನು ಭಾರತದ ಯಾನಗಳೂ ಕೊಟ್ಟಿವೆ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ 5 ಮೀಟರ್ ವಿವರದ ಜೋಡಿಚಿತ್ರ ಕ್ಯಾಮೆರಾದ ಜೊತೆಗೆ ಬೆಂಗಳೂರಿನ ಲಿಯೋಸ್ ಪ್ರಯೋಗಾಲಯ ನಿರ್ಮಿಸಿದ ಲೇಸರ್ ಮಾಪಕವಿತ್ತು. 2019ರ ಜುಲೈ 22ರಂದು ಹೊರಟ ಚಂದ್ರಯಾನ-2ರ ಕಕ್ಷೆನೌಕೆಯಲ್ಲಿರುವ ಓಎಚ್‌ಆರ್‌ಸಿ ಕ್ಯಾಮೆರಾ 100 ಕಿಲೋಮೀಟರ್ ಎತ್ತರದಿಂದ ಸುಮಾರು 25 ಸೆಂಟಿಮೀಟರ್ ವಿವರದ ಚಿತ್ರ ಕೊಡುತ್ತದೆ. 2023ರ ಆಗಸ್ಟ್ 23ರಂದು ದಕ್ಷಿಣಕ್ಕೆ 69 ಡಿಗ್ರಿ ಅಕ್ಷಾಂಶದಲ್ಲಿ ಇಳಿದ ಚಂದ್ರಯಾನ-3ರ ತಾಣವನ್ನು ಪರಿಶೀಲಿಸಲು ಆ ಚಿತ್ರಗಳು ನೆರವಾದವು. ಯಾನಗಳ ದತ್ತಾಂಶ ಬೆಂಗಳೂರು ಬಳಿಯ ಬ್ಯಾಲಾಳುವಿನ ಕೇಂದ್ರದಲ್ಲಿ ಶೇಖರವಾಗಿ, ಅಲ್ಲಿಂದ ಸಂಶೋಧಕರಿಗೆ ಮುಕ್ತವಾಗಿ ದೊರೆಯುತ್ತದೆ.

ಇಳಿಯುವ ನೌಕೆ ಕೊನೆಯ ಗಳಿಗೆಯಲ್ಲಿ ಕುಳಿ, ಬಂಡೆ, ಇಳಿಜಾರನ್ನು ತಾನೇ ಗುರುತಿಸಬೇಕು. ಅದಕ್ಕಾಗಿ ಅಪಾಯ ಗುರುತಿಸುವ ಕ್ಯಾಮೆರಾ ಚಂದ್ರಯಾನ-3ರ ಇಳಿಯುವ ನೌಕೆಯಾದ ವಿಕ್ರಮ್‌ನಲ್ಲಿತ್ತು. ಇಂಥ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೊ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನು ತೋಡಿ, ಅವುಗಳ ಮೇಲೆ ವಿಮಾನ ಹಾರಿಸಿತು. ಚಂದ್ರನ ನೆಲವನ್ನು ಓದುವ ಅಭ್ಯಾಸ ಹೀಗೆ ಬಯಲುಸೀಮೆಯ ಕಾವಲಿನಲ್ಲೂ ನಡೆಯಿತು.

ಸೋದರ ವಿಧಾನಗಳು

ರಾಡಾರ್ ಚಿತ್ರದ ಹೊಳಪಿನಿಂದ ಇಳಿಜಾರು ಪಡೆಯುವುದು ರಾಡಾರ್‌ಕ್ಲಿನೋಮೆಟ್ರಿ. ಮೋಡ ಮುಸುಕಿದ ಶುಕ್ರ, ಮಬ್ಬು ಕವಿದ ಟೈಟನ್‌ಗಳ ನೆಲಕ್ಕೆ ಇದು ಒದಗುತ್ತದೆ. ಕ್ಯಾಮೆರಾ ಕದಲಿಸದೆ ದೀಪವನ್ನಷ್ಟೇ ಬೇರೆ ಬೇರೆ ಕಡೆ ಇಟ್ಟು ತೆಗೆದ ಚಿತ್ರಗಳಿಂದ ಆಕಾರ ಪಡೆಯುವ ‘ಫೋಟೋಮೆಟ್ರಿಕ್ ಸ್ಟೀರಿಯೊ’ವನ್ನು ರಾಬರ್ಟ್ ವುಡ್‌ಹ್ಯಾಮ್ 1980ರಲ್ಲಿ ವಿವರಿಸಿದ. ಹಳೆಯ ನಾಣ್ಯ, ಶಿಲಾಲೇಖಗಳ ಅಧ್ಯಯನದಲ್ಲಿ ಇದೇ ಕುಟುಂಬದ ತಂತ್ರಗಳು ಬಳಕೆಯಲ್ಲಿವೆ.

ಒಟ್ಟಾರೆ ಬೆಲೆ

ಲೇಸರ್ ಎತ್ತರ ಹೇಳುತ್ತದೆ, ಜೋಡಿಚಿತ್ರ ನೆಲದ ರೂಪ ಹೇಳುತ್ತದೆ, ಹೊಳಪು ಅತಿ ಸಣ್ಣ ಏರಿಳಿತ ಹೇಳುತ್ತದೆ. ಮೂರೂ ಕೂಡಿದಾಗ ಸಿಗುವ ನಕ್ಷೆ ಯಾವ ಒಂದರಿಂದಲೂ ಸಿಗದು. ಹೊಳಪೊಂದನ್ನೇ ನಂಬಿದರೆ ಕಪ್ಪು ಹುಡಿ ತಗ್ಗಾಗಬಹುದು, ಮಬ್ಬು ಕಡಿದಾದ ನೆಲವನ್ನು ಸೌಮ್ಯವಾಗಿಸಬಹುದು. ತಂತ್ರಾಂಶ ಯಾವ ಚಿತ್ರ ಕೊಟ್ಟರೂ ಒಂದು ಉತ್ತರ ಕೊಟ್ಟೇ ಕೊಡುತ್ತದೆ. ಆ ಉತ್ತರ ನೆಲದ್ದೋ ಊಹೆಯದ್ದೋ ಎಂದು ಬೇರ್ಪಡಿಸುವುದು ಮನುಷ್ಯನ ಕೆಲಸ. ಆದ್ದರಿಂದ ಇಂಥ ನಕ್ಷೆಯನ್ನು ಪ್ರಕಟಿಸುವವರು ಸೂರ್ಯನ ಕೋನ, ಬಳಸಿದ ಪ್ರತಿಫಲನ ಸೂತ್ರ, ಕಳೆದ ಮಬ್ಬಿನ ಪ್ರಮಾಣ, ಆಲ್ಬಿಡೊ ಕುರಿತ ಊಹೆ, ತಾಳೆ ನೋಡಿದ ಸ್ವತಂತ್ರ ಅಳತೆ ಈ ಐದನ್ನೂ ಜೊತೆಗೆ ಕೊಡಬೇಕು. ಅವಿಲ್ಲದ ಎತ್ತರದ ನಕ್ಷೆಯನ್ನು ಚಿತ್ರವಾಗಿ ನೋಡಬಹುದು, ಅಳತೆಯಾಗಿ ಒಪ್ಪಲಾಗದು.